ಭಾವನ ಕೈಗೆ ಮಾತ್ರ ಒಗ್ಗಿದ ಕಂಪ್ಯೂಟರ್

ನಮ್ಮ ಭಾವನ ಕಂಪ್ಯೂಟರನ್ನು ಯಾರಾದರೂ ಕದ್ದಿದ್ದರೆ ವಾರದೊಳಗೆ ತಾವಾಗಿಯೇ ತಂದಿಟ್ಟು ಹೋಗುತ್ತಿದ್ದರು. ಇದು ಉತ್ಪ್ರೇಕ್ಷೆ ಎನ್ನುವವರು ಕೆ.ಆರ್. ನಗರದ ಅವರ ಡಿ.ಟಿ.ಪಿ. ಅಂಗಡಿಯಲ್ಲಿ ಒಮ್ಮೆಯೂ ಕೂತವರಲ್ಲ.

ಎಲ್ಲರ ಪರದೆಯಲ್ಲೂ ಕೆಳಗೆ ಮಲಗಿರುವ ಪಟ್ಟಿ ಅವರಲ್ಲಿ ಬಲಗಡೆ ನೆಟ್ಟಗೆ ನಿಂತಿತ್ತು. ಮೆನುಗಳು ಕಾಣುತ್ತಲೇ ಇರಲಿಲ್ಲ. ಯಾವ ಕೀಲಿ ಒತ್ತಿದರೆ ಏನಾಗುತ್ತದೆಂಬುದು ಭಾವನಿಗೆ ಬಾಯಿಪಾಠ. ಮೌಸಿನ ಎಡ ಬಲ ಅದಲುಬದಲು. ಅವರೇನು ಎಡಚರೇ? ಅಲ್ಲ. ಬದಲಿಸಲು ಅವಕಾಶವಿತ್ತು, ಬದಲಿಸಿದ್ದರು, ಅಷ್ಟೆ! ಪತ್ರಿಕೆಗೆ ಸುದ್ದಿ ಟೈಪಿಸಲು ಅಲ್ಲಿಗೆ ಹೋಗುತ್ತಿದ್ದ ನಾನು, ನಾಲೆಗೆ ನೀರು ಬಿಟ್ಟ ಸುದ್ದಿಯನ್ನು ಉಳಿಸಲು ಹೋಗಿ ಅಳಿಸಿದ್ದೂ ಉಂಟು.

"ಇದೇನ್ ಭಾವ, ಹಿಂಗೆ?"

"ಭತ್ತ ಕುಯ್ಯೋ ಕುಡ್ಲಿಗೆ ಅವರವರ ಕೈಗೆ ತಕ್ಕಂಗೆ ಹಿಡಿ ಆಕಿಸ್ಕಳಲ್ವೇನ್ಲಾ? ಅಂಗೇ ಕಣ್ಲಾ."

"ಅಕ್ಕನೂ ಕೂತ್ಕೋಬೇಕು ಅಂತಾಳಲ್ಲ?"

"ಅವ್ಳ್ ಕೂತಾಗ ನೋಡ್ಕಳನ ಬುಡು."

ಗಿರಾಕಿಗಳಿಗೆ ಒಂದು ಆಹ್ವಾನದ ಕಾರ್ಡನ್ನಾದರೂ ತಾನೇ ಮಾಡಿಕೊಡಬೇಕೆಂದು ಅಕ್ಕನಿಗೆ ಆಸೆ. ಅದಕ್ಕಾಗಿ ಕಂಪ್ಯೂಟರ್ ತರಗತಿಗೂ ಹೋಗಿ ಬಂದಿದ್ದಳು.

ಒಮ್ಮೆ ಭಾವ ಕಾಗದ ತರಲು ಮೈಸೂರಿಗೆ ಹೋಗಿದ್ದಾಗ ಚುಂಚನಕಟ್ಟೆಯ ರೈತರೊಬ್ಬರು ತಾಯಿಯ ತಿಥಿ ಕಾರ್ಡು ಮಾಡಿಸಲು ಬಂದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು. ತರಗತಿಯಲ್ಲಿ ಕಲಿತದ್ದು ಯಾವುದೂ ಅಲ್ಲಿರಲಿಲ್ಲ. ಒತ್ತಿದಲ್ಲೆಲ್ಲ ಬೇರೇನೋ ತೆರೆಯಿತು. ನಾನು ಸಹಾಯಕ್ಕೆ ಕೈಹಾಕಿ, ಅರ್ಧ ಮೂಡಿದ್ದ ಕಾರ್ಡನ್ನೂ ಮಾಯಮಾಡಿದೆ. ಬೆಂಚಿನ ಮೇಲೆ ಕಾಯುತ್ತಿದ್ದವರು ನಕ್ಕರು.

"ಬುಡಿ ಅಕ್ಕ, ನಿಮ್ಗೇನ್ ಗೊತ್ತಾಯ್ತದೆ. ಯಜಮಾನ್ರೇ ಬರ್ಲಿ," ಎಂದರು ರೈತರು, ಕನಿಕರದಿಂದಲೇ.

ಅಕ್ಕ ಯಾರ ಮುಖವನ್ನೂ ನೋಡದೆ ಎದ್ದಳು. ಬಾಗಿಲಲ್ಲಿ ಕಾಗದದ ಕಟ್ಟು ಹೊತ್ತು ಭಾವ ನಿಂತಿದ್ದರು. ಎಲ್ಲವೂ ಕೇಳಿಸಿತ್ತು.

ಅವರು ಕಾರ್ಡು ಮುಗಿಸಿಕೊಟ್ಟರು, ತಲೆಯೆತ್ತದೆ. ಗಿರಾಕಿಗಳು ಹೋದ ಮೇಲೆ ಪರದೆಯ ಮೇಲಿನದನ್ನು ಒಂದೊಂದಾಗಿ ಮೊದಲಿನ ಜಾಗಕ್ಕೆ ತಂದರು. ಯಾರು ಬಂದು ಕೂತರೂ ಕೈಗೆ ಸಿಗಲೆಂದು ಯೋಚಿಸಿ ಎಲ್ಲವನ್ನೂ ಆ ಜಾಗದಲ್ಲಿಟ್ಟ ತಂತ್ರಾಂಶದವರೇ, ಬೇಕಾದರೆ ಬದಲಿಸಿಕೊಳ್ಳಿ ಎಂದೂ ಬಿಟ್ಟಿದ್ದರು. ಭಾವ ಎರಡನೆಯ ಮಾತನ್ನಷ್ಟೇ ತೆಗೆದುಕೊಂಡಿದ್ದರು. ಅದನ್ನು ಹೇಳಲು, ಕಾರ್ಡು ಅಳಿಸಿದ್ದ ನನಗೂ ಮುಖವಿರಲಿಲ್ಲ.

ಮಾರನೆಯ ದಿನ ಹೋದಾಗ ಭಾವ ಹೊಸಬರಂತೆ ತಡವರಿಸುತ್ತಿದ್ದರು. ಅಕ್ಕ ಮೂಲೆಯಲ್ಲಿ ಕಾರ್ಡು ಮಡಿಸುತ್ತಿದ್ದಳು. ಭಾವ ಎದ್ದು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.

"ನಂಗೊಂದೂ ತಿಳೀತಿಲ್ಲ ಕಣೆ. ನೀನ್ ಕಲ್ತಿದ್ದೀಯಲ್ಲ, ವಸಿ ತೋರ್ಸು."

ಅಕ್ಕ ಸ್ವಲ್ಪ ಹೊತ್ತು ಮಡಿಸುತ್ತಲೇ ಇದ್ದಳು. ಆಮೇಲೆ ಕೈ ಒರೆಸಿಕೊಂಡು ಬಂದು ಕೂತಳು. ಭಾವ ಸ್ಟೂಲೆಳೆದುಕೊಂಡು ಪಕ್ಕದಲ್ಲಿ ಕೂತರು.

ಅಂದಿನ ಸುದ್ದಿಯನ್ನು ನಾನು ಕೈಯಲ್ಲೇ ಬರೆದು ಕಳಿಸಿದೆ.