ಹಳೆಯದನ್ನೇ ಹಳತು ಮಾಡಿದ ಅಳಿಯ

ಬುದ್ಧಿ ಬಾಡಿಗೆಗೆ ಸಿಗುವಂತಿದ್ದರೆ ನಮ್ಮ ಗುಮಾಸ್ತ ಮುಂಗಡ ಕೊಟ್ಟಾದರೂ ಒಂದಿಷ್ಟು ತಂದಿಟ್ಟುಕೊಳ್ಳುತ್ತಿದ್ದ. ಲಿಫ್ಟ್ ಕಂಪನಿಯಲ್ಲಿ ಅವನ ಕೆಲಸ ದೂರು ಕೇಳುವುದು. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಫೋನಿನಲ್ಲಿ ಕಿರುಚಿದರೆ, "ಗಾಬರಿಯಾಗಬೇಡಿ, ನಮ್ಮವರು ಹೊರಟಿದ್ದಾರೆ" ಎಂದು ತಣ್ಣಗೆ ಹೇಳುತ್ತಾನೆ. (ಊಟಕ್ಕೆ ಹೊರಟಿರುತ್ತಾರೆ, ಅದು ಬೇರೆ ಮಾತು.) ಇಂಥ ಧೀರೋದಾತ್ತನಿಗೆ ಜಗತ್ತಿನಲ್ಲಿ ಹೆದರಿಕೆ ಎನ್ನುವುದಿದ್ದರೆ ಅದು ಮಾವನದು.

ಮಾವ ಸರ್ಕಾರಿ ದಾಖಲೆ ಕೋಣೆಯನ್ನು ಕಾದು ನಿವೃತ್ತರಾದವರು. ಹಾಳೆಯ ಮೂಲೆ ಮಡಚಿದವನನ್ನು ಕೊಲೆಗಾರನಂತೆ ನೋಡುವ ಆಸಾಮಿ. ಅವರ ಮದುವೆಗೆ ನಲವತ್ತು ವರ್ಷ ತುಂಬುವ ದಿನ ಒಂದು ಸ್ಕ್ರಾಪ್‌ಬುಕ್ ಮಾಡಿಕೊಟ್ಟು, ಆ ಬಾಯಿಂದ ಒಮ್ಮೆಯಾದರೂ 'ಭೇಷ್' ಅನ್ನಿಸಿಕೊಳ್ಳಬೇಕೆಂಬ ಹುಳ ಗುಮಾಸ್ತನ ತಲೆ ಹೊಕ್ಕಿತು. ಹೆಂಡತಿ ತವರಿಗೆ ಹೋಗಿ, ಗೋಗರೆದು, ಅವರ ಮದುವೆಯ ಏಕಮಾತ್ರ ಫೋಟೋ ತಂದಳು.

"ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿ ಇಲ್ಲ. ಇದಕ್ಕೇನಾದ್ರೂ ಆದ್ರೆ ನಾನು ತವರಿಲ್ಲದವಳಾಗ್ತೀನಿ, ನೀವು ಹೆಂಡ್ತಿ ಇಲ್ಲದವರಾಗ್ತೀರಿ."

"ನನ್ನೇನು ಮಗು ಅಂದ್ಕೊಂಡ್ಯಾ?"

"ಮಗುವಾಗಿದ್ರೆ ಕೈಗೇ ಕೊಡ್ತಿರ್ಲಿಲ್ಲ."

ಭಾನುವಾರ ಅಡುಗೆಮನೆಯ ಮೇಜು ಕಾರ್ಖಾನೆಯಾಯಿತು. ಮೊಬೈಲಿನ ವೀಡಿಯೊಗಳನ್ನು ನೋಡಿ ನೋಡಿ ಅವನು ಈ ವಿದ್ಯೆಯಲ್ಲಿ ಪಾರಂಗತನಾಗಿದ್ದ. ಅಂಚು ಹರಿದ ಬಣ್ಣದ ಹಾಳೆ, ಪದರದ ಮೇಲೆ ಪದರ, ಹಳೇ ಬಸ್ ಟಿಕೆಟ್ಟಿಗೊಂದು ಪುಟ್ಟ ಜೇಬು, ಮೂಲೆಗೆ ರಿಬ್ಬನ್ನು. ಡಿಜಿಟಲ್ ಕೈಚಳಕವೂ ಇತ್ತು: ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ಆಪ್‌ಗೆ ಉಣಿಸಿದರೆ ಗೀರು, ಕಲೆ ಮಂಗಮಾಯ. ಆಪ್ ಕೊಂಚ ಧಾರಾಳಿ. ಅತ್ತೆಯ ಬಿಗಿದ ತುಟಿಗೆ ನಗೆ ಹಚ್ಚಿತು. ಮಾವನ ನೆತ್ತಿಯ ಬಯಲಿನಲ್ಲಿ ಪೊಗದಸ್ತಾದ ಬೆಳೆ ತೆಗೆಯಿತು. ಅದನ್ನೇ ಗುಮಾಸ್ತ ಆಫೀಸಿನ ಪ್ರಿಂಟರಿನಲ್ಲಿ ದಪ್ಪ ಕಾಗದದ ಮೇಲೆ ಮುದ್ರಿಸಿ ತಂದಿದ್ದ.

ಉಳಿದದ್ದು ಕೊನೆಯ ಕುಸುರಿ. ಹೊಸ ಪ್ರಿಂಟನ್ನು ಬಿಸಿ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದರೆ ಶತಮಾನದ ಕಳೆ ಬರುತ್ತದೆಂದು ವೀಡಿಯೊದ ಹೆಂಗಸು ಆಣೆ ಮಾಡಿದ್ದಳು. ಮೇಜಿನ ಮೇಲೆ ಒಂದೇ ಅಳತೆಯ ಎರಡು ಫೋಟೋ. ಒಂದು ಮಂಕು, ಹಳದಿ. ಇನ್ನೊಂದು ಫಳಫಳ. ಹೊಳೆಯುವುದೇ ಹೊಸತು ತಾನೆ? ಗುಮಾಸ್ತ ಅದನ್ನೇ ಮುಳುಗಿಸಿದ. (ಮುಖ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಕಣ್ಣು ವೀಡಿಯೊದ ಮೇಲಿತ್ತು.)

ಅವನು ಮರೆತದ್ದು ಇಷ್ಟೇ: ಮಾವ ಕಾಪಾಡಿದ ವಸ್ತು ಹಳೆಯದಾಗುವುದಿಲ್ಲ, ಅವನ ಆಫೀಸಿನ ಪ್ರಿಂಟರಿನಿಂದ ಹೊಸದೇನೂ ಹೊರಬರುವುದಿಲ್ಲ.

ಟೀಯಲ್ಲಿ ಮೊದಲು ಮಾವನ ಕಿವಿ ಕದಲಿತು. ಆಮೇಲೆ ಇಡೀ ಮುಖ ಕೆನೆಯಂತೆ ಎದ್ದು ತೇಲಿತು. ಚಮಚದಿಂದ ತಡೆಯಹೋದರೆ ಅತ್ತೆಯೂ ಗಂಡನನ್ನು ಹಿಂಬಾಲಿಸಿದರು. ಕೈಯಲ್ಲಿ ಉಳಿದದ್ದು ಬೋಳು ಕಾಗದ. ಮಗುಚಿದರೆ ಬೆನ್ನ ಮೇಲೆ ಸ್ಟುಡಿಯೋದ ಹಳೇ ಮೊಹರು.

ಹೆಂಡತಿ ಒಳಗೆ ಬಂದಳು. "ಅಪ್ಪ ಎಲ್ಲಿ?"

"ಗಾಬರಿಯಾಗ್ಬೇಡ..."

"ಅಪ್ಪ ಎಲ್ರೀ?"

ಗುಮಾಸ್ತ ಟೀ ಸೋಸುವ ಜರಡಿ ತೋರಿಸಿದ.

ಆ ಸಂಜೆಯ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ. ಕೊನೆಗೆ ಮಂಕು ಪ್ರಿಂಟನ್ನೇ ಪುಟಕ್ಕೆ ಅಂಟಿಸಿಕೊಂಡು ಇಬ್ಬರೂ ಆ ಶುಭದಿನ ಮಾವನ ಮನೆಗೆ ಹೊರಟರು. ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ಕೇಳಿದ್ರೆ ಫೋಟೋ ಮನೇಲಿದೆ ಅನ್ನಿ. ಮೇಲೊಂದಕ್ಷರ ಬೇಡ."

ಮಾವ ಸೋಫಾದಲ್ಲಿ ಅಳಿಯನನ್ನು ಪಕ್ಕಕ್ಕೆ ಕೂರಿಸಿಕೊಂಡು, ಕನ್ನಡಕ ಏರಿಸಿ ಪುಟ ತಿರುವಿದರು. ಆ ಫೋಟೋ ಬಂದಾಗ ಅವರ ಕೈ ನಿಂತಿತು. ಗುಮಾಸ್ತನ ಉಸಿರೂ ನಿಂತಿತು.

"ನೋಡೇ, ನೀನು ನಗ್ತಿದೀಯ!" ಅತ್ತೆಯತ್ತ ತಿರುಗಿದ ಮಾವನ ದನಿ ಒದ್ದೆಯಾಗಿತ್ತು. "ಆ ಹಳೇ ಫೋಟೋ ನೋಡಿದಾಗೆಲ್ಲ, ಇವಳು ಒಲ್ಲದ ಮನಸ್ಸಿಂದ ನನ್ನ ಕಟ್ಕೊಂಡಳೇನೋ ಅಂದ್ಕೊಳ್ತಿದ್ದೆ."

"ಅಯ್ಯೋ, ಚಪ್ಪಲಿ ಕಚ್ತಿತ್ತು ಕಣ್ರೀ! ಅದಿರ್ಲಿ, ನಿಮಗೆ ಇಷ್ಟೊಂದು ಕೂದಲು ಯಾವಾಗಿತ್ತು?"

"ಇತ್ತು, ಇತ್ತು. ನೀನೇ ಸರಿಯಾಗಿ ನೋಡಿರ್ಲಿಲ್ಲ." ಮಾವ ಗುಮಾಸ್ತನ ಬೆನ್ನು ತಟ್ಟಿದರು. "ಭೇಷ್ ಅಳಿಯಂದಿರೇ!"

"ಇನ್ನು ಆ ಅಳುಮುಂಜಿ ಫೋಟೋ ಯಾಕೆ? ಎಸೆದುಬಿಡಿ ಅತ್ಲಾಗೆ" ಎಂದರು ಅತ್ತೆ.

ಹೆಂಡತಿ ಅವನ ಕಾಲು ತುಳಿದಳು. ಆದರೆ ಕಂಠಮಟ್ಟ ತುಂಬಿದ ಸಂತೋಷಕ್ಕೆ ಕಾಲಿನ ನೋವು ತಿಳಿಯಬೇಕಲ್ಲ!

"ಆ ಚಿಂತೆ ನಿಮಗೆ ಬೇಡ ಅತ್ತೆ! ಅದನ್ನ ಆಗ್ಲೇ ಮೋರಿಗೆ ಸುರಿದಾಯ್ತು!"

ಮಾವನ ಕೈ ಇನ್ನೂ ಬೆನ್ನ ಮೇಲೇ ಇತ್ತು. ಈಗ ತಟ್ಟುತ್ತಿರಲಿಲ್ಲ, ಅಂಗಿ ಹಿಡಿದಿತ್ತು.

"ಸುರಿದಾಯ್ತು?" ಎಂದರು ಮೆಲ್ಲಗೆ. "ಫೋಟೋನ ಸುರಿಯೋದು ಹೇಗೆ ಅಂತ ಸಾವಕಾಶವಾಗಿ, ಮೊದಲಿಂದ ಹೇಳಿ."

ಗುಮಾಸ್ತ ನೆರವಿಗಾಗಿ ಹೆಂಡತಿಯತ್ತ ತಿರುಗಿದ. ಅವಳು ಆಗಲೇ ಎದ್ದುಹೋಗಿ ಅಮ್ಮನ ಮಗ್ಗುಲಲ್ಲಿ ಕೂತು, ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ಅಯ್ಯೋ ದೇವರೇ!" ಎಂದಳು. "ಏನ್ರೀ ಮಾಡಿಬಿಟ್ರಿ?"