ತಳ ಹತ್ತಿದ ವಿಸ್ಕಿ

ವಿಸ್ಕಿಯ ವಿಷಯದಲ್ಲಿ ಜಮಖಂಡಿ ಸಂಸ್ಥಾನದಲ್ಲೇ ನನ್ನಷ್ಟು ತಿಳಿದವರಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆ ಕಾಲ ಒಟ್ಟು ಎರಡು ದಿನ ನಡೆಯಿತು.

ಆಗ ನಾನು ವಾರಪತ್ರಿಕೆಯೊಂದರ ಬಾತ್ಮೀದಾರ. ಮುಂಬಯಿಯ ಇಂಗ್ಲಿಷ್ ಪತ್ರಿಕೆಯಿಂದ ಸ್ಕಾಚ್ ವಿಸ್ಕಿಯ ಮೇಲಿನ ಲೇಖನವೊಂದನ್ನು ಕನ್ನಡಕ್ಕಿಳಿಸಿ ಅಚ್ಚು ಹಾಕಿಸಿದ್ದೆ. ಅದನ್ನು ಓದಿದ ಕಾರಭಾರಿಗಳು, ಅಂದರೆ ನಮ್ಮ ಸಂಸ್ಥಾನದ ದಿವಾನರು, ನನ್ನನ್ನು ಅತಿಥಿಗೃಹಕ್ಕೆ ಕರೆಸಿದರು. ಮರುದಿನ ಬೆಳಗಾವಿಯಿಂದ ಗೋರಾ ಸಾಹೇಬರೊಬ್ಬರು ಬರುವವರಿದ್ದರು. ಅವರಿಗಾಗಿ ತರಿಸಿದ ಸೀಸೆ ಮೇಜಿನ ಮೇಲಿತ್ತು. ಒಂದೇ ಭಟ್ಟಿಯ ಮಾಲು, ಹದಿನೆಂಟು ವರ್ಷ ಪೀಪಾಯಿಯಲ್ಲಿ ಕೂತದ್ದು. ಆದರೆ ಬಿರಡೆಯ ಅರಗು ಒಡೆದಿತ್ತು.

"ಕುಡಚಿ ಸ್ಟೇಶನ್ನಿಂದ ಚಕ್ಕಡ್ಯಾಗ ಬಂದೈತ್ರಿ. ಕುಲುಕಾಡಿ ಅರಗು ಒಡದೈತಿ. ನಾ ಮುಟ್ಟಿಲ್ರಿ" ಎಂದರು ಇಮಾಮಸಾಬರು. ಇಪ್ಪತ್ತು ವರ್ಷಗಳಿಂದ ಉಗ್ರಾಣದ ಚಾವಿ ಅವರ ಸೊಂಟದಲ್ಲಿತ್ತು.

ಕಾರಭಾರಿಗಳು ಮದ್ಯ ಮುಟ್ಟುವವರಲ್ಲ. ನನ್ನತ್ತ ತಿರುಗಿದರು. "ನೀವ ರುಚಿ ನೋಡಿ ಹೇಳ್ರಿ. ಖರೆ ಮಾಲೋ, ಕಲಬೆರಕೆಯೋ?"

ನಾನೂ ಮುಟ್ಟಿದವನಲ್ಲ. ಆದರೆ ಲೇಖನ ಬರೆದವನು ಆ ಮಾತು ಹೇಳುವುದು ಹೇಗೆ? ಮೇಲಾಗಿ ನಮ್ಮದು ತೇರದಾಳದ ಬೆಲ್ಲದ ವ್ಯಾಪಾರಿ ಮನೆತನ. ಒಂದು ಚೂರು ಬಾಯಿಗೆ ಹಾಕಿಕೊಂಡರೆ ಸಾಕು, ಬೆಲ್ಲ ಯಾವ ಗಾಣದ್ದೆಂದು ಹೇಳುತ್ತಿದ್ದರು ನಮ್ಮಪ್ಪ. ನಾಲಿಗೆಯೂ ಪಿತ್ರಾರ್ಜಿತ ಆಸ್ತಿಯೆಂದು ನಾನು ಬಗೆದೆ.

ಬೆಲ್ಲದ ಪರೀಕ್ಷೆಯಲ್ಲಿ ಮೊದಲು ಮೂಸಬೇಕು, ಆಮೇಲೆ ನಾಲಿಗೆ. ಹೊಗೆಯ ವಾಸನೆ ಬಂದರೆ ಪಾಕ ತಳ ಹತ್ತಿದೆ ಎಂದರ್ಥ. ಅಂಥ ಮಾಲನ್ನು ತಿರುಗಿ ಕಳಿಸಬೇಕು. ನಾನು ಶಾಸ್ತ್ರೋಕ್ತವಾಗಿ ಮೂಸಿದೆ. ಹೊಗೆ! ಒಂದು ಚಮಚ ನಾಲಿಗೆಗೆ ಬಿಟ್ಟೆ. ಗಂಟಲಲ್ಲಿ ಬೆಂಕಿ, ಕಣ್ಣಲ್ಲಿ ನೀರು. ಅದರ ಹಿಂದೆಯೇ ಮತ್ತೆ ಹೊಗೆ!

"ತಳ ಹತ್ತಿದ ಬೆಲ್ಲದ ನೀರು ಕೂಡಿಸ್ಯಾರ್ರಿ" ಎಂದೆ.

"ಮತ್ತ ಅಸಲಿ ಮಾಲು ಎಲ್ಲಿ ಹೋತು?"

"ಅದನ್ನ ಉಗ್ರಾಣದವರ ಹೇಳಬೇಕ್ರಿ."

ಈ ವಾಕ್ಯವನ್ನು ಬಹಳ ಸಮತೂಕದಿಂದ ಹೇಳಿದೆನೆಂದು ನೆನಪಿದೆ. ಅಡಿಗೆಯವರು, ಮಾಲಿ, ಪಹರೆಯವರು ಎಲ್ಲ ನೋಡುತ್ತಿದ್ದರು. ಇಮಾಮಸಾಬರು ಚಾವಿ ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದರು. ನಾನು ಸೀಸೆಯ ಕೊರಳಿಗೆ ಚೀಟಿ ಕಟ್ಟಿದೆ: "ತಳ ಹತ್ತಿದೆ. ಬಡಿಸಲು ಅಯೋಗ್ಯ." ಕೆಳಗೆ ಸಹಿಯನ್ನೂ ಮಾಡಿದೆ!

ಮನೆಗೆ ಬಂದು ಹೆಂಡತಿಗೆ ಎಲ್ಲ ವರ್ಣಿಸಿದೆ. ಅವಳು ಹಿಟ್ಟು ನಾದುತ್ತಲೇ ಕೇಳಿದಳು: "ಇಮಾಮಸಾಬರ ಬಾಯಿ ಯಾರರ ಮೂಸಿದ್ರೇನು?"

"ಇಲ್ಲ."

"ಅಯ್ಯ! ಕದ್ದು ಕುಡದವನ ಬಾಯಿ ಮೂಸೂದು ಬಿಟ್ಟು ಬಾಟ್ಲಿ ಮೂಸಿ ಬಂದ್ರ್ಯಾ?"



ಮರುದಿನ ವಾರ್ತೆ ಬರೆದುಕೊಳ್ಳಲು ನಾನೂ ಅತಿಥಿಗೃಹದಲ್ಲಿದ್ದೆ. ಮೂಲೆಗೆ ಸರಿಸಿದ್ದ ಸೀಸೆ ಸಾಹೇಬರ ಕಣ್ಣಿಗೆ ಬಿತ್ತು. ತಾವೇ ಎತ್ತಿಕೊಂಡು ಮೂಸಿದರು, ಒಂದು ಗುಟುಕು ಹೀರಿದರು, ಕಣ್ಣು ಮುಚ್ಚಿದರು. ಆಮೇಲೆ ಚೀಟಿಯಲ್ಲಿ ಏನಿದೆಯೆಂದು ಕೇಳಿದರು. ಕಾರಭಾರಿಗಳು ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರು ಕುರ್ಚಿ ಹಿಡಿದುಕೊಂಡು ನಕ್ಕರು. ವಿಸ್ಕಿಗೆಂದು ಮೊಳಕೆ ಬರಿಸಿದ ಕಾಳನ್ನು ಅವರ ನಾಡಿನಲ್ಲಿ ಜೌಗುಮಣ್ಣು ಸುಟ್ಟ ಹೊಗೆಯಲ್ಲೇ ಒಣಗಿಸುತ್ತಾರಂತೆ. ಆ ಹೊಗೆಗಾಗಿಯೇ ಇದನ್ನು ಕುಡಿಯುವುದಂತೆ. ಮಾಲು ಅಪ್ಪಟ!

ಆಗ ನನಗೆ ನೆನಪಾಯಿತು. ಮುಂಬಯಿಯ ಲೇಖನದಲ್ಲಿ ಹೊಗೆಯ ಮೇಲೆ ಒಂದು ಇಡೀ ಪ್ಯಾರಾ ಇತ್ತು. ಸ್ಥಳಾಭಾವದಿಂದ ನಾನೇ ಕತ್ತರಿಸಿದ್ದೆ.

ಕಾರಭಾರಿಗಳು ನಗಲಿಲ್ಲ. ಚಾವಿಯನ್ನು ನನ್ನ ಕೈಗಿತ್ತು, "ನೀವ ಹೋಗಿ ಕೊಟ್ಟು ಬರ್ರಿ" ಎಂದರು.

ಇಮಾಮಸಾಬರು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ತಪ್ಪಾಯಿತೆಂದೆ. ಅವರು ಚಾವಿ ಮುಟ್ಟಲಿಲ್ಲ.

"ನನ್ನ ಕಳ್ಳ ಮಾಡಿದ್ದು ಎಲ್ಲಿರಿ?"

"ಅತಿಥಿಗೃಹದಾಗ."

"ಎಷ್ಟು ಮಂದಿ ಇದ್ರು?"

"ಏಳೆಂಟು ಮಂದಿ."

"ಹಂಗಾರ ಇಲ್ಲಿ ಯಾಕ ಹೇಳಾಕತ್ತೀರಿ? ನಡೀರಿ!"

ಅತಿಥಿಗೃಹದ ಹಿತ್ತಲಲ್ಲಿ, ಅಡಿಗೆಯವರ ಮುಂದೆ, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಇಮಾಮಸಾಬರು ಚಾವಿಗೆ ಕೈ ಚಾಚುವಷ್ಟರಲ್ಲಿ ಮಾಲಿ ಓಡಿ ಬಂದ. "ತಡೀರಿ, ತಡೀರಿ, ನೀವು ತಪ್ಪಾತು ಅನ್ನೂವಾಗ ನಾ ಇರಲಿಲ್ಲ. ಮೊದಲಿಂದ ಹೇಳ್ರಿ!"

ಮೊದಲಿಂದ ಹೇಳಿದೆ. ಅದು ಮುಗಿಯುವಾಗ ಪಹರೆಯವರು ಪಾಳಿ ಬದಲಿಸಿ ಬಂದರು. ಅವರಿಗೂ ಹೇಳಿದೆ. ಆಮೇಲೆಯೇ ಇಮಾಮಸಾಬರು ಚಾವಿ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ನನ್ನ ಪತ್ರಿಕಾ ಜೀವನದಲ್ಲಿ ಜನ ಕೇಳಿ ಕೇಳಿ ಮರುಮುದ್ರಣ ಮಾಡಿಸಿದ ವರದಿ ಅದೊಂದೇ!