ಸೀಡಿಯಲ್ಲಿ ಬಂದ ನನ್ನ ಕಾದಂಬರಿ

ಕನ್ನಡದಲ್ಲಿ ಬರೆದವರ ಮಾನ ಹೋಗುವುದಕ್ಕೆ ವಿಮರ್ಶಕರೇ ಬೇಕೆಂದಿಲ್ಲ. ಮೂಡಿಗೆರೆಯಂಥ ಊರಿನಲ್ಲಿ ಅದು ಸಂತೆಗೆ ಹೋಗಿ ಬರುವಷ್ಟರಲ್ಲಿ ಆಗಿಹೋಗುತ್ತದೆ. ಊರಿಗೆ ಕಂಪ್ಯೂಟರ್ ಬಂದ ಹೊಸತು. "ಕಾದಂಬರಿ ಅಚ್ಚು ಹಾಕಿದ್ರೆ ಕಾಗದದ ಖರ್ಚೂ ಹುಟ್ಟೋದಿಲ್ಲ ಮೇಡಂ" ಎಂದು ಬೆಂಗಳೂರಿನ ಪ್ರಕಾಶಕರು ನನ್ನ ಮೊದಲ ಕಾದಂಬರಿಯನ್ನು ಸೀಡಿಗೆ ಹಾಕಿ ಕಳಿಸಿದರು. "ನಿಮ್ಮೂರಲ್ಲಿ ಓದೋರಿದ್ದಾರೆ ಅಂತ ಗೊತ್ತಾದ್ರೆ ಪುಸ್ತಕ ಮಾಡೋಣ." ಒಬ್ಬರಾದರೂ ಓದಲಪ್ಪಾ ಎಂದು ನಾನು ಹರಕೆ ಹೊರುವುದೊಂದು ಬಾಕಿ.

೧. ಬೆಲೆ

ಪುಸ್ತಕದಂಗಡಿಯವರು ಬೇಡವೆಂದರು. ಕ್ಯಾಸೆಟ್ ಅಂಗಡಿಯವರು ಭಜನೆಗಳ ಪಕ್ಕ ಜಾಗ ಕೊಟ್ಟರು. ನಾನು ಅಲ್ಲೇ ನಿಂತಿದ್ದಾಗ ಬಾಳೂರು ಕಡೆಯ ತೋಟದ ಯಜಮಾನರೊಬ್ಬರು ಸೀಡಿಯನ್ನು ತಿರುಗಿಸಿ ನೋಡಿದರು.

"ಹಾಡೆಷ್ಟಿದೆ ಇದರಲ್ಲಿ?"

"ಹಾಡಿಲ್ಲ, ಓದೋದು," ಅಂಗಡಿಯವರು ಅಂದರು.

"ಕಾಗದ ಇಲ್ಲ, ರಟ್ಟಿಲ್ಲ, ಹಾಡೂ ಇಲ್ಲ. ನೂರೈವತ್ತು ರೂಪಾಯಿ ಯಾವುದಕ್ಕೆ ಮಾರಾಯ?"

ಅಂಗಡಿಯವರು ನನ್ನತ್ತ ಕೈ ತೋರಿಸಿದರು. "ಬರೆದೋರು ಇಲ್ಲೇ ಇದ್ದಾರೆ, ಕೇಳಿ."

ನಾನು ಗಿರಾಕಿಯ ಹಾಗೆ ಮುಖ ಮಾಡಿಕೊಂಡು ಎರಡು ಭಜನೆ ಕ್ಯಾಸೆಟ್ ಕೊಂಡು ಮನೆಗೆ ಬಂದೆ.

೨. ಅಕ್ಷರ

ಕಡೆಗೆ ನನ್ನ ನಾದಿನಿ, ಪಾಪ, ಒಂದು ಕೊಂಡಳು. ಇಬ್ಬರೂ ಸೈಬರ್ ಕೆಫೆಗೆ ಹೋಗಿ ತೆರೆದರೆ ಪರದೆ ತುಂಬ ಮುರಿದ ಇಂಗ್ಲಿಷ್ ಅಕ್ಷರ, ಕೊಂಬು, ಬಾಲ, ಚುಕ್ಕೆ.

"ಕನ್ನಡ ಫಾಂಟ್ ಇಲ್ಲ ಮೇಡಂ," ಕೆಫೆಯವನು ಹೇಳಿದ. "ಅದನ್ನ ಬೇರೆ ಹಾಕ್ಬೇಕು."

"ಎಲ್ಲಿ ಸಿಗುತ್ತೆ?"

"ಬೆಂಗಳೂರಲ್ಲಿ."

ನಾದಿನಿ ಪರದೆಯನ್ನೇ ನೋಡುತ್ತ ಸಮಾಧಾನ ಹೇಳಿದಳು: "ಇರ್ಲಿ ಬಿಡಿ ಅತ್ತಿಗೆ, ನಿಮ್ಮ ಕೈಬರಹಕ್ಕಿಂತ ಇದೇ ವಾಸಿ."

೩. ಓದುಗರು

ಅಂತೂ ಓದಿದವರೊಬ್ಬರು ಸಿಕ್ಕರು. ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದ, ನಿವೃತ್ತರಾಗಿ ವಸ್ತಾರೆಯಲ್ಲಿದ್ದ ಮೇಷ್ಟ್ರು. ಮಹಿಳಾ ಸಮಾಜದ ಸಭೆಯಲ್ಲಿ ಎದ್ದು ನಿಂತು, "ಇದು ಹೊಸ ಬಗೆಯ ಬರವಣಿಗೆ. ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ," ಎಂದರು. ಚಪ್ಪಾಳೆಯೋ ಚಪ್ಪಾಳೆ. ನನ್ನ ಕಣ್ಣು ಒದ್ದೆಯಾಯಿತು. ಪ್ರಕಾಶಕರಿಗೆ ಫೋನಿನಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಕಾಫಿ ಕುಡಿಯುವಾಗ ಮೇಷ್ಟ್ರು ಚೀಲದಿಂದ ದಪ್ಪನೆಯ ಕಟ್ಟೊಂದನ್ನು ತೆಗೆದರು. ಚಿಕ್ಕಮಗಳೂರಿನಲ್ಲಿ ಪ್ರಿಂಟ್ ಹಾಕಿಸಿದ್ದರಂತೆ. ಮೊದಲ ಪುಟದಿಂದ ಕೊನೆಯವರೆಗೂ ಕೊಂಬು, ಬಾಲ, ಚುಕ್ಕೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಸಾರ್, ಇದು ಫಾಂಟ್ ಇಲ್ಲದೆ..."

"ಮೆಲ್ಲಗಮ್ಮ! ನನಗೂ ಒಂದಕ್ಷರ ತಿಳೀಲಿಲ್ಲ. ಕನ್ನಡ ಮೇಷ್ಟ್ರಾಗಿ ಸಭೇಲಿ ಹಾಗಂತ ಹೇಳೋಕಾಗುತ್ತಾ?"

ಅವರ ಗೆಳೆಯರಾದ ಇನ್ನಿಬ್ಬರು ನಿವೃತ್ತ ಮೇಷ್ಟ್ರುಗಳಿಗೂ ಅದನ್ನೇ ಓದಲು ಕೊಟ್ಟಿದ್ದರಂತೆ.

"ಅವರೇನಂದ್ರು ಸಾರ್?"

"ಒಬ್ಬರು ಭಾಷೆ ಸೊಗಸಾಗಿದೆ ಅಂದ್ರು. ಇನ್ನೊಬ್ಬರು..." ಮೇಷ್ಟ್ರು ಆಚೀಚೆ ನೋಡಿ ದನಿ ತಗ್ಗಿಸಿದರು. "ಇದನ್ನ ಮೊದಲೇ ಎಲ್ಲೋ ಓದಿದ ಹಾಗಿದೆ ಅಂತಾರಲ್ಲಮ್ಮ. ನಿಜ ಹೇಳು, ಎಲ್ಲಿಂದ ಕದ್ದೆ?"